ನೊಣದ ಮರಿಹುಳು: ಎರಡು ತುದಿಗಳ ಸಾಕ್ಷ್ಯ

ಕೇಳುಗರಿಗೆ ನಮಸ್ಕಾರ.

ಪರಾವಲಂಬಿ ನೊಣದ ಮರಿಹುಳುವಿಗೆ ಕಾಲಿಲ್ಲ, ಕಣ್ಣಿಲ್ಲ, ತಲೆ ಎನ್ನಲು ಗಟ್ಟಿ ಬುರುಡೆಯೂ ಇಲ್ಲ. ಚೂಪು ತುದಿ ಬಾಯಿ, ದಪ್ಪ ತುದಿ ಹಿಂಭಾಗ. ಗಾಯದಲ್ಲಿ ಸಿಕ್ಕ ಹುಳು ಯಾವ ನೊಣದ್ದು, ಎಷ್ಟು ಬೆಳೆದಿದೆ, ಏನು ತಿಂದು ಬದುಕುತ್ತದೆ ಎಂಬುದನ್ನು ಬಹುಪಾಲು ಈ ಎರಡು ತುದಿಗಳಿಂದಲೇ ತಿಳಿಯಬೇಕು.

ಹಿಂಭಾಗದಲ್ಲಿ ಎರಡು ಕಂದು ತಟ್ಟೆಗಳಿವೆ. ಅವೇ ಉಸಿರಿನ ಬಾಗಿಲು. ಮಾಂಸದ ನೊಣ, ನೀಲಿ-ಹಸಿರು ನೊಣಗಳ ಹುಳುಗಳಲ್ಲಿ ಒಂದೊಂದು ತಟ್ಟೆಯ ಸೀಳುಗಳನ್ನು ಎಣಿಸಿ: ಎರಡಿದ್ದರೆ ಎರಡನೇ ಹಂತ, ಮೂರಿದ್ದರೆ ಮೂರನೇ, ಅಂದರೆ ಕೊನೆಯ ಹಂತ. ಮಾಂಸದ ನೊಣದಲ್ಲಿ ತಟ್ಟೆಗಳು ಆಳವಾದ ಗುಳಿಯೊಳಗೆ ಅಡಗಿರುತ್ತವೆ, ಅವುಗಳ ಸುತ್ತಿನ ಅಂಚು ಪೂರ್ತಿ ಕೂಡಿರುವುದಿಲ್ಲ. ಕುರಿಯ ಮೂಗಿನೊಳಗೆ ಬೆಳೆಯುವ ಹುಳುವಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಅದರ ತಟ್ಟೆಯಲ್ಲಿ ಸೀಳುಗಳ ಬದಲು ಸಣ್ಣ ಸಣ್ಣ ರಂಧ್ರಗಳಿರುತ್ತವೆ.

ಇದನ್ನೆಲ್ಲ ನೋಡಲು ಮಾದರಿ ಸರಿಯಾಗಿರಬೇಕು. ಹೆಚ್ಚಿನ ಮಾದರಿಗಳು ಕೆಡುವುದು ಮೊದಲ ಹೆಜ್ಜೆಯಲ್ಲೇ. ಜೀವಂತ ಹುಳುವನ್ನು ನೇರ ಆಲ್ಕೋಹಾಲಿಗೆ ಹಾಕಿದರೆ ಕುಗ್ಗಿ ಕಪ್ಪಾಗುತ್ತದೆ. ಕುದಿಸಿ ಇಳಿಸಿದ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಆಮೇಲೆ ಶೇಕಡಾ 80ರ ಆಲ್ಕೋಹಾಲಿನಲ್ಲಿಡಿ. ನಂತರ ಎರಡೂ ತುದಿಗಳನ್ನು ಬ್ಲೇಡಿನಿಂದ ಕತ್ತರಿಸಿ, ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ. ಮಾಂಸ ಕರಗಿ ಗಟ್ಟಿ ಭಾಗಗಳು ಉಳಿಯುತ್ತವೆ. ಹೆಚ್ಚು ಹೊತ್ತು ಬಿಟ್ಟರೆ ಅವೂ ಬಣ್ಣಗೆಟ್ಟು ಸೀಳಿನ ಗೆರೆಗಳು ಮಸುಕಾಗುತ್ತವೆ. ದ್ರಾವಣ ಚರ್ಮ ಸುಡುತ್ತದೆ. ಕೈಗವಸು, ಕನ್ನಡಕ ಬೇಕೇ ಬೇಕು. ನೀರಿನಲ್ಲಿ ತೊಳೆದು, ಗ್ಲಿಸರಿನ್‌ನಲ್ಲಿ ತಟ್ಟೆಯ ಹೊರಮುಖ ಮೇಲೆ ಬರುವಂತೆ ಇಡಿ. ಓರೆಯಾದರೆ ಮೂರು ಸೀಳು ಎರಡಾಗಿ ಕಂಡು ವಯಸ್ಸಿನ ಲೆಕ್ಕವೇ ತಪ್ಪುತ್ತದೆ.

ಈಗ ಬಾಯಿ. ಮುಂದೆ ಕಪ್ಪು ಕೊಕ್ಕೆಗಳು, ಹಿಂದೆ ರೆಕ್ಕೆಯಂತೆ ಹರಡಿದ ಗಂಟಲಿನ ಅಸ್ಥಿ. ಸುಲಭಕ್ಕೆ ಅಸ್ಥಿ ಎಂದೆ, ಅದು ಮೂಳೆಯಲ್ಲ, ಗಟ್ಟಿಯಾದ ಹೊರಪೊರೆ. ಕೊಳೆತದ್ದನ್ನು ತಿನ್ನುವ ಹುಳುಗಳ ಗಂಟಲಿನ ತಳದಲ್ಲಿ ಉದ್ದನೆಯ ಏಣುಗಳಿರುತ್ತವೆ. ರಸದಿಂದ ಬ್ಯಾಕ್ಟೀರಿಯಾ ಸೋಸಲು ಅವು ಬೇಕು. ಜೀವಂತ ಅಂಗಾಂಶ ತಿನ್ನುವ ಪರಾವಲಂಬಿಗೆ ಏಣುಗಳಿಲ್ಲ. ಈ ವ್ಯತ್ಯಾಸ ಗುರುತಿಸಿದವರು ಕೇಂಬ್ರಿಜ್‌ನ ಜೀವವಿಜ್ಞಾನಿ ಡೇವಿಡ್ ಕೈಲಿನ್. ಅವರ ಇನ್ನೊಂದು ಶೋಧವೂ ಇಂಥ ಹುಳುವಿನಿಂದಲೇ ಬಂತು. ಕುದುರೆಯ ಹೊಟ್ಟೆಯಲ್ಲಿ ಬೆಳೆಯುವ ನೊಣದ ಹುಳುವಿನಲ್ಲಿ ಹಿಮೋಗ್ಲೋಬಿನ್ ಇದೆ. ಹುಳು ನೊಣವಾದ ಮೇಲೆ ಅದು ಏನಾಗುತ್ತದೆ ಎಂದು ಹುಡುಕಿದ ಕೈಲಿನ್‌ಗೆ ನೊಣದ ಸ್ನಾಯುವಿನಲ್ಲಿ ಬೆಳಕು ಹೀರುವ ಬೇರೆಯೇ ವರ್ಣಪಟ್ಟಿಗಳು ಕಂಡವು. 1925ರಲ್ಲಿ ಅವರು ಪ್ರಕಟಿಸಿದ ಸೈಟೋಕ್ರೋಮ್, ಅಂದರೆ ಜೀವಕೋಶದ ಉಸಿರಾಟಕ್ಕೆ ಬೇಕಾದ ಬಣ್ಣದ ಪ್ರೋಟೀನ್, ಅದೇ. ಜೀವಕೋಶದ ಉಸಿರಾಟದ ಕಥೆಯ ಒಂದು ಮುಖ್ಯ ಅಧ್ಯಾಯ ನೊಣದ ಹುಳುವಿನಿಂದ ಶುರುವಾಯಿತೆಂದರೆ ಉತ್ಪ್ರೇಕ್ಷೆಯೇನಲ್ಲ!

ಕೊನೆಗೆ ರೇಷ್ಮೆಹುಳುವಿನ ಊಜಿ ನೊಣ. ಇದರ ಮರಿಹುಳು ರೇಷ್ಮೆಹುಳುವಿನ ಚರ್ಮ ಕೊರೆದು ಒಳಹೋದ ಜಾಗದಲ್ಲಿ ಕಪ್ಪು ಕಲೆ ಮೂಡುತ್ತದೆ. ರೇಷ್ಮೆಹುಳುವಿನ ರಕ್ಷಣಾ ಕೋಶಗಳು ಶತ್ರುವನ್ನು ಸುತ್ತುವರಿದು ಗೋಡೆ ಕಟ್ಟುತ್ತವೆ. ಊಜಿಹುಳು ಆ ಗೋಡೆಯನ್ನೇ ಉಸಿರಾಟದ ಕೊಳವೆ ಮಾಡಿಕೊಂಡು, ಬಾಲದ ತಟ್ಟೆಗಳನ್ನು ಹೊರಗಾಳಿಯ ಕಡೆಗಿಟ್ಟು, ಬಾಯಿ ಒಳಗಿಟ್ಟು ಮೇಯುತ್ತದೆ. ಇದನ್ನು ನೋಡಬೇಕೆಂದರೆ ಹುಳುವನ್ನು ಮಾತ್ರ ಎಳೆಯಬೇಡಿ, ಕೊಳವೆ ಹರಿಯುತ್ತದೆ. ಕಲೆಯಿರುವ ಚರ್ಮದ ತುಂಡನ್ನು ಸೇರಿಸಿಯೇ ಕತ್ತರಿಸಿ ತೆಗೆಯಿರಿ.