ಕಿಕ್‌ಆಫ್ ಹೊತ್ತಿಗೆ ಲೇಸ್ ಕಟ್ಟಬೇಡಿ

ನಮಸ್ಕಾರ. ಮಳೆಗಾಲದಲ್ಲಿ ಮಂಗಳೂರಿನ ನೆಹರೂ ಮೈದಾನದ ಬದಿಯಲ್ಲಿ ಒಮ್ಮೆ ನಿಂತು ನೋಡಿ, ಆ ಕೆಸರಲ್ಲಿ ಫುಟ್‌ಬಾಲ್ ಆಡುವ ಖುಷಿಯೇ ಬೇರೆ. ಅಲ್ಲೇ ಒಂದು ಸಲ ನಾನು ಲೆಫ್ಟ್ ಬ್ಯಾಕ್, ಅಂದ್ರೆ ಎಡಬದಿಯ ಡಿಫೆಂಡರ್ ಆಗಿ ಆಡುತ್ತಿದ್ದೆ. ನಾವು ಆಗಷ್ಟೇ ಗೋಲು ಹೊಡೆದಿದ್ದೆವು. ಎದುರಿನವರು ನಡುವಿನ ವೃತ್ತದಲ್ಲಿ ಕಿಕ್‌ಆಫ್‌ಗೆ ಚೆಂಡು ಇಟ್ಟರು, ನಾನು ಕೆಸರು ಮೆತ್ತಿದ ಲೇಸ್ ಕಟ್ಟಲು ಬಗ್ಗಿದೆ. ತಲೆ ಎತ್ತುವಾಗ ಬದಿಯಲ್ಲಿ ಓಡುವ ಅವರ ವಿಂಗರ್ ನನ್ನನ್ನು ದಾಟಿ ಆಗಿತ್ತು. ಗೋಲ್! ನಮ್ಮ ಗೋಲ್‌ಕೀಪರ್ ಅವತ್ತು ನನಗೆ ತುಳುವಿನಲ್ಲಿ ಹೇಳಿದ್ದನ್ನು ರೇಡಿಯೋದಲ್ಲಿ ಹೇಳುವ ಹಾಗಿಲ್ಲ ಮಾರಾಯ್ರೇ.

ಕಿಕ್‌ಆಫ್ ಅಂದ್ರೆ ಸುಮ್ನೆ ಆಟ ಶುರು ಮಾಡುವುದು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹಿಂದೆ ಚೆಂಡನ್ನು ಮುಂದಕ್ಕೇ ಒದೆಯಬೇಕಿತ್ತು. 2016ರಿಂದ ಯಾವ ದಿಕ್ಕಿಗೂ ಒದೆಯಬಹುದು. ಹಾಗಾಗಿ ಒಬ್ಬನೇ ಚೆಂಡನ್ನು ಹಿಂದಕ್ಕೆ ತಳ್ಳಿದರೆ ಸಾಕು, ಉಳಿದವರು ನಡುಗೆರೆಯಲ್ಲಿ ಸಾಲಾಗಿ ನಿಂತು ಓಡಲು ತಯಾರಿರುತ್ತಾರೆ. ಹಿಂದಿನವನು ಒಂದು ಉದ್ದ ಚೆಂಡು ಎತ್ತಿ ವಿಂಗಿಗೆ ಹಾಕುತ್ತಾನೆ. 2023ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಆರ್ಸೆನಲ್ ಮೈದಾನದಲ್ಲಿ ಬೋರ್ನ್‌ಮತ್ ತಂಡ ಬಲಗಡೆಯಿಂದ ಹೀಗೇ ನುಗ್ಗಿತು. ಅವರ ಆಟಗಾರ ಫಿಲಿಪ್ ಬಿಲ್ಲಿಂಗ್ ಗೋಲು ಹೊಡೆದಾಗ 10 ಸೆಕೆಂಡೂ ಆಗಿರಲಿಲ್ಲ. ಆರ್ಸೆನಲ್ ಕೊನೆಗೆ 3-2ರಿಂದ ಗೆದ್ದಿತು ಅನ್ನುವುದು ಬೇರೆ ಮಾತು.

ಇದನ್ನು ತಡೆಯುವುದು ಹೇಗೆ? ಮೊದಲು, ಚೆಂಡನ್ನು ನೋಡುತ್ತಾ ನಿಲ್ಲಬೇಡಿ, ಎದುರಿನವರು ಯಾವ ಬದಿಯಲ್ಲಿ ಜಾಸ್ತಿ ಜನ ನಿಲ್ಲಿಸಿದ್ದಾರೆ ನೋಡಿ. ನಾಲ್ಕು ಜನ ಒಂದೇ ಕಡೆ ಉಂಟು ಅಂದ್ರೆ ಎಂತದೋ ಪ್ಲಾನ್ ಉಂಟು. ನಿಮ್ಮ ಮಿಡ್‌ಫೀಲ್ಡರ್ ಒಬ್ಬ ಆ ಬದಿಗೆ ಸರಿಯಲಿ. ಆದರೆ ಇನ್ನೊಂದು ಬದಿಯ ಬ್ಯಾಕ್ ಜಾಗ ಬಿಡಬಾರದು, ಆ ಗುಂಪು ಬರೀ ನಾಟಕವೂ ಆಗಿರಬಹುದು. ಒದೆಯುವವರೆಗೆ ನೀವು ಚೆಂಡಿನಿಂದ 9.15 ಮೀಟರ್ ದೂರ ಇರಲೇಬೇಕು. ಒದ್ದ ಕೂಡಲೇ ನಿಮ್ಮ ಫಾರ್ವರ್ಡ್ ಒಬ್ಬ, ಹಿಂದೆ ಚೆಂಡು ಸಿಕ್ಕ ಎದುರಿನವನ ಮೇಲೆ ಓಡಬೇಕು. ಆರಾಮಾಗಿ ತಲೆ ಎತ್ತಿ ನೋಡಿ ಒದೆಯುವವನ ಚೆಂಡಿಗೂ ಗಾಬರಿಯಲ್ಲಿ ಒದ್ದ ಚೆಂಡಿಗೂ ಎಷ್ಟು ವ್ಯತ್ಯಾಸ ಅಲ್ವಾ? ಬ್ಯಾಕ್‌ಗಳು ನಾಲ್ವರೂ ಒಟ್ಟಿಗೇ ಹಿಂದೆ ಸರಿಯಬೇಕು. ಒಬ್ಬ ಮಾತ್ರ ಆಳಕ್ಕೆ ಹೋದರೆ ಎದುರಿನವರು ಅವನಿರುವಲ್ಲಿವರೆಗೂ ನುಗ್ಗಬಹುದು, ಆಫ್‌ಸೈಡ್ ಸಿಗುವುದನ್ನು ಮರೆತುಬಿಡಿ. ತಲೆ ಕೊಡಲು ಒಬ್ಬ ಹಾರಲಿ, ಇನ್ನೊಬ್ಬ ಅವನ ಹಿಂದೆ ನಿಲ್ಲಲಿ. ತಲೆಗೆ ಬಡಿದು ಕೆಳಗೆ ಬೀಳುವ ಆ ಎರಡನೇ ಚೆಂಡು ಉಂಟಲ್ಲ, ಎಷ್ಟೋ ಸಲ ಗೋಲು ಹುಟ್ಟುವುದು ಅಲ್ಲೇ. ಅದಕ್ಕೆ ಮಿಡ್‌ಫೀಲ್ಡರ್‌ಗಳು ಕಾದಿರಬೇಕು.

ಒದೆಯುವವರಿಗೂ ಒಂದು ಮಾತು. 2002ರ ವಿಶ್ವಕಪ್‌ನ ಮೂರನೇ ಸ್ಥಾನದ ಪಂದ್ಯದಲ್ಲಿ ಕಿಕ್‌ಆಫ್ ಮಾಡಿದ್ದು ದಕ್ಷಿಣ ಕೊರಿಯಾ. ಚೆಂಡು ಹಿಂದಕ್ಕೆ ಹೋಯಿತು, ಡಿಫೆಂಡರ್ ಕಾಲಲ್ಲಿ ನಿಲ್ಲಲಿಲ್ಲ, ಟರ್ಕಿಯವರು ಕಿತ್ತುಕೊಂಡರು, ಹಕನ್ ಶುಕುರ್ ಸುಮಾರು 11 ಸೆಕೆಂಡಿನಲ್ಲಿ ಗೋಲು ಹೊಡೆದ. ಅದು ವಿಶ್ವಕಪ್ ಮೈದಾನದ ಕಥೆ. ನಮ್ಮ ಜುಲೈ ಮಳೆಯಲ್ಲಿ ಹಿಂದಕ್ಕೆ ತಳ್ಳಿದ ಚೆಂಡು ನೀರಿನ ಹೊಂಡದಲ್ಲಿ ಪಚಕ್ ಅಂತ ನಿಂತೇ ಬಿಡುತ್ತದೆ, ಎದುರಿನವನು ಓಡಿ ಬರುತ್ತಿರುತ್ತಾನೆ, ನೀವು ಜಾರುತ್ತಿರುತ್ತೀರಿ. ಅದಕ್ಕೇ ಟಾಸ್‌ಗೆ ಮೊದಲು ನಡುಗೆರೆಯಿಂದ ನಿಮ್ಮ ಬ್ಯಾಕ್ ನಿಲ್ಲುವ ಜಾಗದವರೆಗೆ ಒಂದು ಸಲ ನಡೆದು, ಹೊಂಡ ಎಲ್ಲೆಲ್ಲಿ ಉಂಟು ನೋಡಿಟ್ಟುಕೊಳ್ಳಿ. ಲೇಸ್ ಕೂಡ ಆಗಲೇ ಕಟ್ಟಿಕೊಳ್ಳಿ.