ಬಾಂಬ್ ತೋರಿಸದೆ ಬಾಂಬ್ ದಾಳಿ: ‘ಮಿಸೆಸ್ ಮಿನಿವರ್’

[ತೆರೆಯ ಮೇಲೆ: ಲಂಡನ್ ಬೀದಿ, ಬಸ್ಸು, ಜನಜಂಗುಳಿ]

ಎರಡನೇ ಮಹಾಯುದ್ಧದ ಸಿನಿಮಾ ಅಂತ ನೋಡೋಕೆ ಕೂತರೆ ಕಥೆ ಶುರುವಾಗೋದು ಒಂದು ಟೋಪಿಯಿಂದ! ಕೇ ಮಿನಿವರ್ ಬಸ್ಸಿಂದ ಇಳಿದು, ಅಂಗಡಿಗೆ ವಾಪಸ್ ಓಡಿ, ದುಬಾರಿ ಟೋಪಿ ಕೊಳ್ಳುತ್ತಾಳೆ. ಗಂಡನಿಗೆ ಹೇಗಪ್ಪಾ ಹೇಳೋದು ಅನ್ನೋ ಚಿಂತೆ. ಅತ್ತ ಗಂಡನಿಗೂ ಅದೇ ಪಾಡು. ಅವನು ಹೊಸ ಕಾರು ಕೊಂಡಿದ್ದಾನೆ.

1942ರ ಸಿನಿಮಾ. ನಿರ್ದೇಶಕ ವಿಲಿಯಂ ವೈಲರ್, ಕೇ ಪಾತ್ರದಲ್ಲಿ ಗ್ರೀರ್ ಗಾರ್ಸನ್. ಆರು ಆಸ್ಕರ್ ಬಂತು. ಇಂಗ್ಲೆಂಡಿನ ಹಳ್ಳಿಯ ಕಥೆ, ಆದರೆ ಚಿತ್ರೀಕರಣ ಕ್ಯಾಲಿಫೋರ್ನಿಯಾದಲ್ಲಿ. ಹಳ್ಳಿ ಸ್ವಲ್ಪ ಜಾಸ್ತಿನೇ ಚೊಕ್ಕಟವಾಗಿದೆ ಬಿಡಿ.

[ತೆರೆಯ ಮೇಲೆ: ತಗಡಿನ ಗೂಡು, ಮಂದ ದೀಪ]

ನನಗೆ ಮುಖ್ಯ ಅನ್ನಿಸೋದು ಈ ದೃಶ್ಯ. ಹಿತ್ತಲಲ್ಲಿ ಬಾಂಬ್ ದಾಳಿಯಿಂದ ತಪ್ಪಿಸಿಕೊಳ್ಳೋಕೆ ಕಟ್ಟಿದ ಪುಟ್ಟ ಗೂಡು. ಮಕ್ಕಳಿಬ್ಬರು ಮಲಗಿದ್ದಾರೆ. ಕೇ ಉಣ್ಣೆ ಹೆಣೆಯುತ್ತಾ ಗಂಡನ ಜೊತೆ ಮಕ್ಕಳ ಕಥೆಪುಸ್ತಕದ ಬಗ್ಗೆ ಮಾತಾಡುತ್ತಾಳೆ. ಸದ್ದು ಹತ್ತಿರ ಬರುತ್ತದೆ. ಮಾತು ನಿಲ್ಲುತ್ತದೆ. ಗೂಡು ಗಡಗಡ ನಡುಗುತ್ತದೆ, ಮಕ್ಕಳು ಕಿರುಚಿಕೊಂಡು ಏಳುತ್ತಾರೆ, ಅಪ್ಪ ಅಮ್ಮ ಒಬ್ಬೊಬ್ಬರನ್ನ ಬಾಚಿ ತಬ್ಬಿಕೊಳ್ಳುತ್ತಾರೆ. ಬಾಂಬ್ ಬೀಳೋದನ್ನ ವೈಲರ್ ತೋರಿಸೋದೇ ಇಲ್ಲ. ಒಳಗೆ ಕೂತವರಿಗೆ ಅದು ಕಾಣಲ್ಲ, ಅಲ್ವಾ? ಹಾಗಾಗಿ ನಮಗೂ ಕಾಣಲ್ಲ.

ಇನ್ನೊಂದು ದೃಶ್ಯದಲ್ಲಿ ಗಾಯಗೊಂಡ ಜರ್ಮನ್ ಪೈಲಟ್ ಪಿಸ್ತೂಲು ಹಿಡಿದು ಅಡುಗೆಮನೆಗೇ ನುಗ್ಗುತ್ತಾನೆ. ಕೇ ಅವನಿಗೆ ಹಾಲು, ಬ್ರೆಡ್ಡು ಕೊಡುತ್ತಾಳೆ. ಆಮೇಲೆ ಕೆನ್ನೆಗೆ ಬಾರಿಸುತ್ತಾಳೆ. ಚಿತ್ರೀಕರಣ ಶುರುವಾದಾಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಪೈಲಟ್‌ನನ್ನು ತೀರಾ ಕೆಟ್ಟವನಾಗಿ ತೋರಿಸೋಕೆ ಸ್ಟುಡಿಯೋ ಹಿಂಜರಿಯಿತು. 1941ರ ಡಿಸೆಂಬರ್‌ನಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿತು, ಅಮೆರಿಕವೂ ಯುದ್ಧಕ್ಕಿಳಿಯಿತು ನೋಡಿ, ಹಿಂಜರಿಕೆ ಹೋಯಿತು.

ಈಗ ಕಥೆಯ ಗುಟ್ಟು ಹೇಳ್ತೀನಿ, ಬೇಡ ಅನ್ನೋರು ಇಲ್ಲೇ ನಿಲ್ಲಿಸಿ.

ಹಿರಿಮಗ ವಿನ್ ವಾಯುಪಡೆಯಲ್ಲಿದ್ದಾನೆ. ಅವನಿಗೇ ಏನೋ ಆಗುತ್ತೆ ಅಂತ ನಾವು ಕಾಯುತ್ತೇವೆ. ಆದರೆ ಸಾಯೋದು ಅವನ ಹೊಸ ಹೆಂಡತಿ ಕ್ಯಾರಲ್. ಅವನನ್ನು ಬಿಟ್ಟು ಕಾರಲ್ಲಿ ಮನೆಗೆ ಬರುವಾಗ ವಿಮಾನದ ಗುಂಡು ತಗಲುತ್ತದೆ.

[ತೆರೆಯ ಮೇಲೆ: ಚಾವಣಿ ಒಡೆದ ಚರ್ಚ್]

ಕೊನೆಗೆ ಪಾದ್ರಿಯ ಭಾಷಣ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಮೆಚ್ಚಿ ಅದನ್ನು ಕರಪತ್ರವಾಗಿ ಅಚ್ಚು ಹಾಕಿಸಿದರು. ನನಗೆ ಮಾತ್ರ ಅದು ಸ್ವಲ್ಪ ಉಪದೇಶ ಅನ್ನಿಸಿತು. ಭಾಷಣ ಮುಗಿದ ಮೇಲೆ ನೋಡಿ. ಕ್ಯಾರಲ್‌ಳ ಅಜ್ಜಿ ಚರ್ಚಲ್ಲಿ ತಮ್ಮ ಮನೆತನಕ್ಕೆ ಮೀಸಲಾದ ಸಾಲಲ್ಲಿ ಒಬ್ಬರೇ ನಿಂತಿದ್ದಾರೆ. ವಿನ್ ತನ್ನ ಜಾಗ ಬಿಟ್ಟು, ಸುಮ್ನೆ ಹೋಗಿ ಅವರ ಪಕ್ಕ ನಿಲ್ಲುತ್ತಾನೆ.