ರೈಲಿಲ್ಲದ ಜಿಲ್ಲೆಯ ಪಾಲು

ಕೇಳುಗರೇ, ನಮಸ್ಕಾರ.

ಕರ್ನಾಟಕದಲ್ಲಿ ರೈಲು ಹಳಿಯೇ ಇಲ್ಲದ ಜಿಲ್ಲೆ ನಮ್ಮ ಕೊಡಗು. ಆದರೆ ದೇಶಕ್ಕೆ ಒಬ್ಬ ರೈಲ್ವೆ ಮಂತ್ರಿಯನ್ನು ನಾವು ಕೊಟ್ಟಿದ್ದೇವೆ! ಕೊಡಗು ಬೇರೆ ರಾಜ್ಯವಾಗಿದ್ದಾಗ ಮುಖ್ಯಮಂತ್ರಿಯಾಗಿದ್ದ ಸಿ.ಎಂ. ಪೂಣಚ್ಚನವರು 1960ರ ದಶಕದ ಕೊನೆಯಲ್ಲಿ ಆ ಖಾತೆ ನೋಡಿಕೊಂಡರು. ನಾವು ಮಾತ್ರ ಇವತ್ತಿಗೂ ರೈಲು ಹತ್ತಲು ಮೈಸೂರಿನ ಬಸ್ಸು ಹಿಡಿಯುತ್ತೇವೆ.

ಈಗ ಎಲ್ಲೆಲ್ಲೂ ಬುಲೆಟ್ ರೈಲಿನ ಮಾತು. ಮುಂಬೈ-ಅಹಮದಾಬಾದ್ ಮಾರ್ಗಕ್ಕೆ 2017ರಲ್ಲಿ ಅಡಿಗಲ್ಲು ಹಾಕಿದರು. ಉದ್ದ 508 ಕಿಲೋಮೀಟರ್. ಮೊದಲ ಅಂದಾಜೇ ಸುಮಾರು 1.08 ಲಕ್ಷ ಕೋಟಿ ರೂಪಾಯಿ. ದೊಡ್ಡ ಪಾಲು ಜಪಾನಿನ ಸಾಲ. ಬಡ್ಡಿ ತೀರಾ ಕಡಿಮೆ, ನಿಜ. ಆದರೂ ಸಾಲ ಸಾಲವೇ, ತೀರಿಸುವುದು ಇಡೀ ದೇಶ. ಅಂದರೆ ಸೋಮವಾರಪೇಟೆಯ ಕಾಫಿ ಬೆಳೆಗಾರನೂ, ವಿರಾಜಪೇಟೆಯ ಆಟೋದವನೂ.

ಹಾಗಂತ ನಾನು ಬೇಡ ಅನ್ನುವವನಲ್ಲ. ಅಷ್ಟು ಜನ ಓಡಾಡುವ ಊರುಗಳ ನಡುವೆ ವೇಗದ ರೈಲು ಬರಲಿ. ಚೆನ್ನೈಯಿಂದ ಬೆಂಗಳೂರು ದಾಟಿ ಮೈಸೂರಿನವರೆಗೆ ತರುವ ಪ್ರಸ್ತಾವವೂ ಇದೆ, ಅದೂ ಬರಲಿ. ನನಗೆ ಚುಚ್ಚುವುದು ಬೇರೆ ಲೆಕ್ಕ. ಆ 508 ಕಿಲೋಮೀಟರ್ ಎರಡು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದಂತೆ. ಮಡಿಕೇರಿಯಿಂದ ಮೈಸೂರು 120 ಕಿಲೋಮೀಟರ್. ಬಸ್ಸಿನಲ್ಲಿ ಹತ್ತಿರಹತ್ತಿರ ಮೂರು ಗಂಟೆ! ಎದೆನೋವು ಬಂದವರನ್ನು ಆಂಬುಲೆನ್ಸಿನಲ್ಲಿ ಒಯ್ಯುವುದೂ ಅದೇ ರಸ್ತೆಯಲ್ಲಿ ಅಲ್ವಾ?

ಹಾಗಾದರೆ ನಮಗೂ ರೈಲು ಕೊಡಿ ಅನ್ನೋಣವೇ? ಇಲ್ಲಿ ನಮ್ಮಲ್ಲೇ ಒಮ್ಮತ ಇಲ್ಲ. ಮೈಸೂರಿನಿಂದ ನಮ್ಮ ಜಿಲ್ಲೆಯ ಅಂಚಿನ ಕುಶಾಲನಗರಕ್ಕೆ 87 ಕಿಲೋಮೀಟರ್ ಮಾರ್ಗದ ಯೋಜನೆ ಹಲವು ವರ್ಷಗಳಿಂದ ಕಡತದಲ್ಲಿದೆ. ಅದು ಬಯಲುಸೀಮೆಯಲ್ಲಿ ಬಂದು ಬೆಟ್ಟದ ಬುಡದಲ್ಲೇ ನಿಲ್ಲುತ್ತದೆ, ನನಗೆ ಒಪ್ಪಿಗೆ. ಕೊಡಗಿನ ನಡುವೆ ಹಾದು ಕೇರಳದ ತಲಶ್ಶೇರಿಗೆ ಹೋಗುವ ಮಾರ್ಗಕ್ಕೆ ಮಾತ್ರ ಇಲ್ಲಿ ಜೋರು ವಿರೋಧ ಬಂತು. ಬರಬೇಕಾದದ್ದೇ. ಈಗಲೇ ಆನೆಗಳು ತೋಟದೊಳಗೆ ಓಡಾಡುತ್ತಿವೆ. ಇನ್ನು ಕಾಡು ಸೀಳಿ ಹಳಿ ಹಾಕಿದರೆ ಅವು ಹೋಗುವುದೆಲ್ಲಿಗೆ?

2018ರ ಆಗಸ್ಟ್ ನೆನಪಿದೆಯಲ್ಲ? ಜೋಡುಪಾಲದ ಕಡೆ ಗುಡ್ಡ ಜರಿದು ಮಂಗಳೂರಿನ ದಾರಿಯೇ ಮುಚ್ಚಿಹೋಯಿತು. ಆಗ ನಮಗೆ ಬೇಕಿದ್ದದ್ದು ವೇಗ ಅಲ್ಲ, ಜರಿಯದ ರಸ್ತೆ. ನಮ್ಮ ಪಾಲನ್ನು ಹಳಿಯಲ್ಲೇ ಕೊಡಬೇಕು ಅಂತೇನಿಲ್ಲ. ಅದೇ ಮಂಗಳೂರು ದಾರಿಯ ಸಂಪಾಜೆ ಘಾಟಿಗೆ ಗಟ್ಟಿ ತಡೆಗೋಡೆ, ನೀರು ಹರಿದುಹೋಗಲು ಸರಿಯಾದ ಚರಂಡಿ, ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆಯಲ್ಲೂ ತಪ್ಪದೆ ಬರುವ ಸಂಜೆ ಬಸ್ಸು. ಇಷ್ಟನ್ನು ಮುಂದಿನ ಬಜೆಟ್ಟಿಗೆ ಮೊದಲು ನಮ್ಮ ಶಾಸಕರು, ಸಂಸದರ ಮುಂದೆ ಬರೆದು ಇಡೋಣ. ನಮಸ್ಕಾರ.